ಮಾವ ಬೆಸೆದ ಕುರ್ಚಿ

ನನ್ನ ಮೈದುನ ತಾಲಾಯ್‌ನ ಹೆಂಡತಿ ಜಿಪಾರ್ ಎಷ್ಟು ಎತ್ತರವೆಂದರೆ, ಸೊಸೆಯಾಗಿ ಬಂದ ದಿನ ನಮ್ಮ ಬಾಗಿಲಲ್ಲಿ ಬಗ್ಗಿಯೇ ಒಳಗೆ ಬರಬೇಕಾಯಿತು. ಊರಿನ ಶಾಲೆಯಲ್ಲಿ ಪಿ.ಟಿ. ಟೀಚರ್, ಪ್ರಾಂತ್ಯದ ವಾಲಿಬಾಲ್ ತಂಡದಲ್ಲಿ ಆರು ವರ್ಷ ಆಡಿದವಳು. ಮದುವೆಯಾದ ವಾರದಲ್ಲೇ ಅಂಗಳದಲ್ಲಿ ಹಗ್ಗ ಕಟ್ಟಿ, "ಅಕ್ಕ, ಆ ಕಡೆ ನಿಂತ್ಕೊಳ್ಳಿ" ಎಂದಳು. ಮೂರು ಮಕ್ಕಳ ತಾಯಿ ನಾನು, ಮೊದಲ ಚೆಂಡನ್ನು ಮೂಗಿನಿಂದಲೇ ತಡೆದೆ.

ಮೂರು ವರ್ಷ ಹೀಗೇ ನಗುತ್ತಾ ಕಳೆಯಿತು. ಆಮೇಲೆ ಒಂದು ಆಗಸ್ಟ್, ಬೆಟ್ಟದಿಂದ ಒಣಹುಲ್ಲು ತರುವ ಕಾಲ. ಲಾರಿಯ ಮೇಲೆ ನಿಂತು ಹುಲ್ಲು ತುಳಿಯಲು ಒಬ್ಬರು ಬೇಕಿತ್ತು. "ನೀನು ಹತ್ತಮ್ಮ, ನಿನ್ನಷ್ಟು ಗಟ್ಟಿ ಕಾಲು ಇಲ್ಲಿ ಯಾರಿಗಿದೆ?" ಎಂದರು ನಮ್ಮ ಮಾವ ಕಾಸಿಮಾಲಿ. ಅವಳು ಹತ್ತಿದಳು. ಹಳ್ಳ ದಾಟುವಾಗ ಲಾರಿ ವಾಲಿ, ಒಂದು ಮಗ್ಗುಲಿನ ಹುಲ್ಲು ಜಾರಿತು. ಅದರ ಜೊತೆ ಜಿಪಾರ್ ಕೂಡ. ಬೆನ್ನು ಕಲ್ಲಿಗೆ ಬಡಿಯಿತು. ಸೊಂಟದಿಂದ ಕೆಳಗೆ ಮತ್ತೆ ಏನೂ ಅಲುಗಲಿಲ್ಲ.

ನಾಲ್ಕು ತಿಂಗಳ ಮೇಲೆ ಆಸ್ಪತ್ರೆಯಿಂದ ಮನೆಗೆ ಬಂದವಳು ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನೋಡಲು ಬಂದವರೆಲ್ಲ ಅತ್ತು ಹೋಗುತ್ತಿದ್ದರು. ಮಾವ ಮಾತ್ರ ಆ ಕೋಣೆಗೆ ಕಾಲಿಡಲಿಲ್ಲ. ಕುದುರೆ ಲಾಳ ಮಾಡುವ ತಮ್ಮ ಕುಲುಮೆಯಲ್ಲೇ ಕೂತು ಚಹಾ ಕುಡಿಯುತ್ತಿದ್ದರು.

"ನಾನು ಮಾವನಿಗೆ ಭಾರ ಆಗ್ಬಿಟ್ಟೆ ಅಕ್ಕ," ಎಂದಳೊಮ್ಮೆ ನಾನು ತಲೆ ಬಾಚುತ್ತಿರುವಾಗ.

ಮೇ ತಿಂಗಳಲ್ಲಿ ಕಾರಾಕೋಲ್ ಪಟ್ಟಣದಿಂದ ಇಶೆನ್ ಎಂಬ, ಅಂಗವಿಕಲರಿಗೆ ಗುಂಡೆಸೆತ ಕಲಿಸುವ ತರಬೇತುದಾರ ಬಂದ. ಹಿಂದೆ ಬಸ್ ಓಡಿಸುತ್ತಿದ್ದವನು. ಈಗ ಅವನೂ ಗಾಲಿಕುರ್ಚಿಯಲ್ಲಿ. ಮೂರು ಕಿಲೋ ತೂಕದ ಕಬ್ಬಿಣದ ಗುಂಡನ್ನು ಅವಳ ಕೈಗಿಟ್ಟ.

"ಎದ್ದು ನಿಲ್ಲೋಕಾಗದವಳು ಇದನ್ನ ಹೇಗೆ ಎಸೀಲಿ?"

"ನಾನೇನು ಎದ್ದು ನಿಂತ್ಕೊಂಡು ಬಂದ್ನಾ? ಎಸೆಯೋದು ಕೈ ಕಣಮ್ಮ. ನೆಲಕ್ಕೆ ಬಿಗಿದ ಕುರ್ಚಿ ಇರುತ್ತೆ, ಕುರ್ಚಿಗೆ ಬಿಗಿದು ನೀನಿರ್ತೀಯ. ಉಳಿದಿದ್ದೆಲ್ಲ ಹಠ. ಅದು ನಿನ್ನ ಹತ್ರ ಜಾಸ್ತೀನೇ ಇದೆ ಅಂತ ಊರೆಲ್ಲ ಹೇಳ್ತು."

ಹಾಸಿಗೆಯಲ್ಲಿ ಒರಗಿಕೊಂಡೇ, ಮೂಲೆಯಲ್ಲಿ ಮಡಚಿಟ್ಟಿದ್ದ ರಜಾಯಿಗಳ ರಾಶಿಯತ್ತ ಎಸೆದಳು. ಗುಂಡು ಅಲ್ಲಿಗೆ ಮುಟ್ಟಲಿಲ್ಲ. ಅವಳೇ ಪಕ್ಕಕ್ಕೆ ಉರುಳಿದಳು. ಹಿಡಿಯಲು ಓಡಿದೆ.

"ನನ್ನನ್ನ ಆಮೇಲೆ ಎತ್ತಿ ಅಕ್ಕ. ಮೊದಲು ಗುಂಡು ಕೊಡಿ."

ಒಂಬತ್ತು ತಿಂಗಳಲ್ಲಿ ಅವಳ ಬಾಯಿಂದ ಅಂಥ ಗದರಿಕೆ ಕೇಳಿರಲಿಲ್ಲ. ನನಗೆ ಅಳುವೇ ಬಂತು.

ಕುರ್ಚಿ ಮಾಡುವವರು ಯಾರು? ತಾಲಾಯ್ ಅಪ್ಪನಿಗೆ ಹೇಳಿದ. ಮಾವ ಟೇಪು ಹಿಡಿದು ಒಳಗೆ ಬಂದರು. ತೊಡೆ ಅಳೆದರು, ಬೆನ್ನು ಅಳೆದರು, ತಲೆ ಮಾತ್ರ ಮೇಲೆತ್ತಲಿಲ್ಲ.

"ಲಾಳ ಹೊಡೆಯೋವಾಗ ಕುದುರೆ ಮುಖನಾದ್ರೂ ನೋಡ್ತೀರಲ್ಲ ಮಾವ," ಎಂದಳು ಜಿಪಾರ್.

ಮಾವನ ಕೈ ನಿಂತಿತು. "ಯಾವ ಮುಖ ಇಟ್ಕೊಂಡು ನೋಡ್ಲಮ್ಮ? ಹತ್ತು ಅಂದೋನು ನಾನೇ ಅಲ್ವಾ?"

"ಅದಕ್ಕಾ ಬರ್ಲಿಲ್ಲ? ನಾನು ಬೇಡವಾದೆ ಅಂದ್ಕೊಂಡಿದ್ದೆ." ಅವಳು ಟೇಪಿನ ತುದಿ ಹಿಡಿದುಕೊಂಡಳು. "ನೀವು ಹೇಳ್ದಿದ್ರೂ ಹತ್ತುತ್ತಿದ್ದೆ ಮಾವ. ಬೇರೆ ಯಾರಿಗೆ ಬಿಟ್ಟುಕೊಡ್ತಿದ್ದೆ ನಾನು?"

ಮಾವ ಮಂಚದ ಪಕ್ಕ ನೆಲದ ಮೇಲೆ ಕುಸಿದು ಕೂತರು. ಅವಳು ಅವರ ಉಣ್ಣೆಯ ಟೋಪಿಯ ಮೇಲೆ ಕೈಯಿಟ್ಟಳು. ಆಮೇಲೆ ಕೇಳಿದಳು: "ಅಳತೆ ನೆನಪಿದ್ಯಾ?"

"ಎಲ್ಲ ಮರೆತ್ಹೋಯ್ತು."

"ಹಾಗಾದ್ರೆ ಇನ್ನೊಂದ್ಸಲ ತಗೊಳ್ಳಿ."

ಮೊದಲ ಕುರ್ಚಿ ಸ್ಪರ್ಧೆಯ ನಿಯಮಕ್ಕಿಂತ ಎರಡು ಬೆರಳು ಎತ್ತರವಾಯಿತು. ಎರಡನೆಯದು ಅಲ್ಲಾಡಿತು. ಮೂರನೆಯದು ಕಲ್ಲಿನಂತೆ ನಿಂತಿತು. ಮೈಗೆ ಬಿಗಿಯಲು ಕುದುರೆ ಜೀನಿನ ಪಟ್ಟಿ. ಸ್ಪರ್ಶವರಿಯದ ಚರ್ಮ ಹುಣ್ಣಾಗಬಾರದೆಂದು ನಾನು ಕುರಿಯುಣ್ಣೆಯ ದಪ್ಪ ಮೆತ್ತೆ ಹೊಲಿದೆ. ಬೇಸಿಗೆಯಿಡೀ ಅವಳು ಎಸೆದಳು, ಮಾವ ಹೆಕ್ಕಿ ತಂದರು.

ಮರುವರ್ಷ ರಾಜಧಾನಿ ಬಿಷ್ಕೆಕ್‌ನಲ್ಲಿ ಸ್ಪರ್ಧೆ. ಐದು ಜನ ಹೆಂಗಸರು. ಮೊದಲ ಎಸೆತದಲ್ಲಿ ಸೊಂಟ ಕುರ್ಚಿ ಬಿಟ್ಟು ಮೇಲೆದ್ದಿತೆಂದು ಕೆಂಪು ಬಾವುಟ, ಎಸೆತ ಲೆಕ್ಕಕ್ಕಿಲ್ಲ. ಕೊನೆಯದು ಐದು ಮೀಟರು ಹನ್ನೆರಡು ಸೆಂಟಿಮೀಟರು. "ಇನ್ನೂ ಒಂದು ಬೆರಳು ಮುಂದೆ ಬಿತ್ತು, ಕಣ್ಣು ಬಿಟ್ಟು ಅಳೀರಯ್ಯಾ!" ಎಂದು ಮಾವ ಕೂತಲ್ಲಿಂದಲೇ ಕೂಗಿದರು. ನಾಲ್ಕನೆಯ ಸ್ಥಾನ. ಪದಕವಿಲ್ಲ. ಬರುವಾಗ ವ್ಯಾನಿನಲ್ಲಿ ಅವಳು ದಾರಿಯುದ್ದಕ್ಕೂ ಹಾಡಿದಳು.

ಆ ಸೆಪ್ಟೆಂಬರಿನಲ್ಲಿ ಶಾಲೆಗೆ ಹೋಗಿ, "ಸೀಟಿ ಊದೋದಕ್ಕೆ ಕಾಲು ಬೇಕಾ?" ಎಂದು ಮುಖ್ಯೋಪಾಧ್ಯಾಯಿನಿಯನ್ನು ಕೇಳಿದಳು. ತಾಲಾಯ್ ಮೆಟ್ಟಿಲಿಗೆ ಹಲಗೆ ಹಾಸಿದ. ಕೆಲಸ ಮತ್ತೆ ಸಿಕ್ಕಿತು. ಚಳಿಗಾಲದಲ್ಲಿ ಕಾಲು ಸೆಟೆದುಕೊಂಡು ನರಳುವುದುಂಟು. ಕೆಲವು ದಿನ ಯಾರೊಡನೆಯೂ ಮಾತಿಲ್ಲ. ಆಗ ನಾವೂ ಮಾತಾಡಿಸುವುದಿಲ್ಲ.

ಈಗ ಐದು ಮೀಟರು ತೊಂಬತ್ತಕ್ಕೆ ಬಂದಿದ್ದಾಳೆ. ನಾನು ಆಲೂಗೆಡ್ಡೆ ನೆಡುತ್ತಿದ್ದ ಜಾಗವೆಲ್ಲ ಗುಂಡು ಬಿದ್ದು ಕುಳಿಕುಳಿ. ಮೊನ್ನೆ ಬೈದೆ.

"ಇಷ್ಟು ಗುಳಿ ತೋಡಿಕೊಟ್ಟಿದ್ದೀನಲ್ಲ ಅಕ್ಕ, ಬೀಜ ಹಾಕಿ," ಎಂದಳು.

ಹಾಕಿದ್ದೇನೆ. ಎರಡು ಸಾಲು ಮೊಳೆತಿದೆ.