ಸೆರಗಿನ ಮರೆಯ ಹುಣಸೆಬೀಜ

ಮಗಳು ಊಟದ ಮೇಜಿನ ಮೇಲೆ ರಟ್ಟು ಅಡ್ಡ ನಿಲ್ಲಿಸಿ, ಅದರ ಹಿಂದೆ ದಾಳ ಉರುಳಿಸಿದಳು. ಕಥೆ ಹೇಳುವವಳು ಅವಳು, ಕಥೆಯೊಳಗೆ ಅಲೆಯುವವರು ನಾವು. ನಮ್ಮ ಸಾವು ಬದುಕು ಹೇಳುವ ದಾಳ ಮಾತ್ರ ನಮಗೆ ಕಾಣದು. ತಂಬ್ರಹಳ್ಳಿಯ ನಮ್ಮ ಸೋದರತ್ತೆಯ ಮೇಲೆ ಚಿಕ್ಕಂದಿನಲ್ಲಿದ್ದ ಗುಮಾನಿ ಥಟ್ಟನೆ ಎದ್ದಿತು.

ಹುಣಸೆಹಣ್ಣು ಬಿಡಿಸಲು ಕೂತ ಮಕ್ಕಳು ಎದ್ದು ಓಡದಿರಲೆಂದು ಅತ್ತೆ ನಮ್ಮನ್ನು ಕಥೆಯಲ್ಲೇ ಉಚ್ಚಂಗಿದುರ್ಗ ಹತ್ತಿಸುತ್ತಿದ್ದಳು. "ಎಡಕ್ಕ ಹೋಗ್ತೀರೋ, ಬಲಕ್ಕೋ?" ಎಂದು ಕೇಳುವಳು. ಯಾವ ಕಡೆ ಹೋದರೂ ಅದೇ ಚಿರತೆ! ಆಗ ಸೀಳಿದ ನಾಲ್ಕು ಹುಣಸೆಬೀಜಗಳನ್ನು ಸೆರಗಿನ ಮರೆಯಲ್ಲಿ ಚೆಲ್ಲುವಳು. ಒಂದಾದರೂ ಬಿಳಿ ಮೇಲಾದರೆ ಬದುಕು, ನಾಲ್ಕೂ ಕಪ್ಪಾದರೆ ಸಾವು. ನೋಡುವ ಹಕ್ಕು ಅವಳೊಬ್ಬಳದೇ.

ನಮ್ಮಲ್ಲಿ ಯಾರೂ ಎಂದೂ ಸಾಯುತ್ತಿರಲಿಲ್ಲ. ನನಗೆ ಅದೇ ಅನುಮಾನ. ಒಂದು ದಿನ "ಬದುಕಿದಿ ಬಿಡು" ಎಂದಾಗ ಸೆರಗು ಎಳೆದೇಬಿಟ್ಟೆ. ನಾಲ್ಕೂ ಕಪ್ಪು.

"ಮೋಸ ಮಾಡ್ತಿ!" ಎಂದೆ.

ಅತ್ತೆ ಹುಳಿಗೈ ಒರೆಸಿಕೊಂಡಳು. "ನೋಡಿದಿ ಅಲ್ಲಲೇ? ಈಗ ನೀ ಸತ್ತಿ. ಸತ್ತೋರು ಮಾತಾಡಂಗಿಲ್ಲ, ಹಣ್ಣು ಬಿಡಿಸು."

ಉಳಿದವರು ಚಿರತೆ ದಾಟಿ ಕೋಟೆ ಸೇರಿದರು. ನಾನು ಬರೀ ಕೇಳುತ್ತ ಕೂತೆ.

"ಅವ್ವಾ, ನೀ ಬದುಕಿದಿ," ಎಂದಳು ಮಗಳು ರಟ್ಟಿನಾಚೆಯಿಂದ. ಮಾತು ತುಸು ತಡವಾಗಿ ಬಂದಿತ್ತು. ರಟ್ಟಿನತ್ತ ಚಾಚದಂತೆ ಎರಡೂ ಕೈಗಳನ್ನು ತೊಡೆಯಡಿ ಒತ್ತಿಟ್ಟುಕೊಂಡೆ.