ಹವಾಲ್ದಾರರ ಪುಲ್ಲಯ್ಯ

ಹವಾಲ್ದಾರರ ಎಡಗೈಯಲ್ಲಿ ಮೂರೇ ಬೆರಳು. ತೋವಿನಕೆರೆಯ ಅವರ ಹಿತ್ತಲ ಚಪ್ಪರದಲ್ಲಿ ದ್ರಾಕ್ಷಿ ಹಣ್ಣಾದಾಗ ಆ ಮೂರು ಬೆರಳ ಮೇಲೆ ಗೊಂಚಲು ಕೂರಿಸಿಕೊಂಡು ಬಲಗೈಯಿಂದ ಕತ್ತರಿಸುತ್ತಿದ್ದರು. ಮೊದಲ ಹಣ್ಣು ಬಾಯಿಗೆ ಹಾಕಿಕೊಂಡು ಪ್ರತಿ ವರ್ಷವೂ ಒಂದೇ ಮಾತು: “ಬಣ್ಣ ಅದೇ ಕಣಮ್ಮ, ರುಚಿ ಅದಲ್ಲ.”

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೈಸ್ಕೂಲಿಗೆ ಟೀಚರಾಗಿ ಹೋದಾಗ, ಒಂಟಿ ಹೆಂಗಸೆಂದು ಯಾರೂ ಮನೆ ಕೊಡಲಿಲ್ಲ. ಹವಾಲ್ದಾರರು ತಮ್ಮ ಮನೆಯ ಮುಂದಿನ ಕೋಣೆ ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಇಟಲಿಗೆ ಹೋಗಿದ್ದವರು. ನೆಲದಲ್ಲಿ ಹೂತಿದ್ದ ಬಾಂಬು ತೆಗೆಯುವಾಗ ಬೆರಳು ಹೋಗಿದ್ದವು. ಅಲ್ಲಿ ಅವರ ಜೀವ ಉಳಿಸಿದವನು ಪಾವಗಡದ ಕಡೆಯ ಪುಲ್ಲಯ್ಯನೆಂಬ ಸಿಪಾಯಿ ಎಂದು ಅವರ ಹೆಂಡತಿ ಹೇಳುತ್ತಿದ್ದರು. ಆಕೆ ದಿನವೂ ಲಿಂಗಪೂಜೆಯಲ್ಲಿ ಅವನ ಹೆಸರಿಗೂ ಒಂದು ಪತ್ರೆ ಏರಿಸುತ್ತಿದ್ದರು.

ಮಗಳ ಮದುವೆ ಗೊತ್ತಾದಾಗ ಹವಾಲ್ದಾರರ ಹೆಂಡತಿ ಲಗ್ನಪತ್ರಿಕೆ ಹಿಡಿದು ನನ್ನ ಕೋಣೆಗೆ ಬಂದರು. “ಟೀಚರಮ್ಮ, ಪುಲ್ಲಯ್ಯಂಗೂ ಒಂದು ಕಾಗದ ಬರ್ಕೊಡವ್ವ. ಇವ್ರನ್ನ ಕೇಳಿದ್ರೆ ಅಡ್ರೆಸ್ಸು ಗೊತ್ತಿಲ್ಲ ಅಂತಾರೆ. ಇಲ್ದಿದ್ರೆ ನಾನೇ ಪಾವಗಡಕ್ಕೆ ಹೋಗಿ ಹುಡುಕ್ತೀನಿ.”

ಜಗಲಿಯಲ್ಲಿ ಕೂತಿದ್ದ ಹವಾಲ್ದಾರರು ಎದ್ದು ಬಂದರು.

“ಪುಲ್ಲಯ್ಯ ಅನ್ನೋನು ಇಲ್ಲ ಕಣೇ. ಅದು ದ್ರಾಕ್ಷಿ ಹೆಸರು, ಮಾಂಟೆಪುಲ್ಚಾನೊ. ಅಬ್ರುಝೋ ಅಂತ ಸೀಮೆ, ಅಲ್ಲಿ ಗುಡ್ಡದ ತುಂಬ ಅದೇ ಬಳ್ಳಿ. ಆ ಹಣ್ಣಿನ ಕೆಂಪು ವೈನಿಗೂ ಅದೇ ಹೆಸರು. ಬೆರಳು ಹೋದಾಗ ಹಿಮ ಬಿದ್ದು ದಾರಿ ಮುಚ್ಚೋಗಿತ್ತು. ಒಬ್ಳು ಮುದುಕಿ ಮೂರು ದಿನ ಮನೇಲಿ ಮಲಗಿಸ್ಕೊಂಡು ಅದನ್ನ ಬಿಸಿ ಮಾಡಿ ಕುಡಿಸಿದ್ಲು. ಊರಿಗೆ ಬಂದ ಮೇಲೆ ಜ್ವರದಾಗೆ ಅದರ ಹೆಸರು ಕನವರಿಸ್ದೆ. ಯಾರದು ಅಂತ ನೀನು ಕೇಳ್ದೆ. ಕುಡಿದೆ ಅನ್ನಾಕೆ ಬಾಯಿ ಬರ್ಲಿಲ್ಲ, ಜೀವ ಉಳಿಸ್ದೋನು ಪುಲ್ಲಯ್ಯ ಅಂದ್ಬುಟ್ಟೆ.”

ಆಕೆ ಎರಡು ದಿನ ಅವರೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನಮ್ಮಿಬ್ಬರಿಗೂ ಮುದ್ದೆ ಇಕ್ಕುತ್ತಾ ಹೇಳಿದರು: “ಕುಡಿದಿದ್ದಕ್ಕಲ್ಲ ನನ್ನ ಸಿಟ್ಟು. ಆ ತಾಯಿಗೆ ಮುಗೀಬೇಕಾಗಿದ್ದ ಕೈನ ಇಷ್ಟು ವರ್ಷ ಇಲ್ಲದೋನಿಗೆ ಮುಗಿಸ್ಬುಟ್ರಲ್ಲ! ಆಯಮ್ಮನ ಹೆಸರೇನು?”

ಹವಾಲ್ದಾರರಿಗೆ ಗೊತ್ತಿರಲಿಲ್ಲ. ಕೇಳಿರಲೇ ಇಲ್ಲವಂತೆ. ತಟ್ಟೆಯ ಮುಂದೆ ಕೂತು ಅತ್ತುಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಅಲ್ಲಿಂದಾಚೆಗೆ ಬಸ್ಸಿನಲ್ಲಿ ಜಾಗ ಬಿಟ್ಟುಕೊಟ್ಟವರನ್ನೂ ಹೆಸರು ಕೇಳದೆ ಬಿಡುತ್ತಿರಲಿಲ್ಲ. ಕೆಲವರು ನಗುತ್ತಿದ್ದರು, ಕೆಲವರಿಗೆ ಅನುಮಾನ.

ಕೆಲವು ವರ್ಷಗಳ ನಂತರ ಶಿರಾದ ಆಸ್ಪತ್ರೆಯಲ್ಲಿ ಮಲಗಿದ್ದರು. ನಾನು ಆಗ ವರ್ಗವಾಗಿ ಶಿರಾದಲ್ಲೇ ಇದ್ದೆ, ದಿನಾ ಹೋಗುತ್ತಿದ್ದೆ. ಒಂದು ಸಂಜೆ ಆಯಾ ಅವರ ತಲೆಯೆತ್ತಿ ಹಿಡಿದು ನೀರು ಕುಡಿಸಿದಳು.

“ನಿನ್ನ ಹೆಸರೇನವ್ವಾ?”

“ಮೆಹಬೂಬಿ.”

“ಮೆಹಬೂಬಮ್ಮ,” ಎಂದು ನಿಧಾನವಾಗಿ ಹೇಳಿಕೊಂಡರು.

ಮರುದಿನ ತೀರಿಕೊಂಡರು. ನಾಲ್ಕು ದಿನದಿಂದ ಆ ವಾರ್ಡಿಗೆ ಹೋಗಿಬರುತ್ತಿದ್ದ ನನಗೆ ಆ ಆಯಾಳ ಹೆಸರು ತಿಳಿದದ್ದು ಅವರು ಕೇಳಿದಾಗಲೇ.