ಚೌಕ ಬಿಲ್ಲೆಯ ಅಕ್ಷರ

ಕಂಪನಿ ಬಸ್ಸಿನ ಹಣೆಯ ಮೇಲೆ ದೀಪದ ಚುಕ್ಕಿಗಳಲ್ಲಿ ಕೆಂಪಗೆ ಹೊಳೆಯುವ ‘ಯಶವಂತನಗರ’ ಎಂಬ ಊರ ಹೆಸರನ್ನು ನೀವು ಹತ್ತಿರದಿಂದ ನೋಡಿದ್ದೀರಾ? ಅದರಲ್ಲಿ ಒಂದು ಗೆರೆಯೂ ದುಂಡಗಿಲ್ಲ. ಚುಕ್ಕಿಗಳು ಮೆಟ್ಟಿಲು ಮೆಟ್ಟಿಲಾಗಿ ನಿಂತು, ದೂರದವರ ಕಣ್ಣಿಗೆ ಮಾತ್ರ ದುಂಡಾಗಿ ಕಾಣುತ್ತವೆ. ಎರಡನೇ ಕ್ಲಾಸಿಗೇ ಶಾಲೆಯ ಋಣ ಹರಿದುಕೊಂಡು, ನಲವತ್ತು ವರ್ಷ ಹೊಸಪೇಟೆಯ ಮನೆಗಳಿಗೆ ಟೈಲ್ಸ್ ಹಾಕಿದವನು ಅಕ್ಷರದ ಬಗ್ಗೆ ಉಪನ್ಯಾಸಕ್ಕೆ ಇಳಿದನಲ್ಲ ಎಂದು ನಗಬೇಡಿ. ಮೊಮ್ಮಗಳು ಉಮಾ ಅಕ್ಷರಗಳನ್ನೇ ಕಟ್ಟುವವಳಾದ ಮೇಲೆ ನನಗೂ ಸ್ವಲ್ಪ ವಿದ್ಯೆ ಅಂಟಿದೆ.

ಅವಳು ಕಂಪ್ಯೂಟರಿನಲ್ಲಿ ಮಾಡಿದ್ದು ದಪ್ಪನೆಯ ಕನ್ನಡ ಅಕ್ಷರ. ಹಳೆಯ ವಿಡಿಯೋ ಗೇಮಿನಲ್ಲಿದ್ದಂತೆ ಇಡಿಯಾಗಿ ಚೌಕಗಳಿಂದ ಕಟ್ಟಿದ್ದು. ‘ಪಿಕ್ಸೆಲ್ ಅಕ್ಷರ’ ಎನ್ನುತ್ತಾಳೆ. ಸಣ್ಣಗೆ ಅಚ್ಚು ಹಾಕಿದರೆ ಇರುವೆಗಳ ಜಗಳದಂತೆ ಕಾಣುವುದರಿಂದ ಲಗ್ನಪತ್ರಿಕೆಗೆ ಸಲ್ಲದು. ದೊಡ್ಡದಾಗಿ ನಿಲ್ಲಿಸಿದರೆ ಮಾತ್ರ ಅದರ ಗತ್ತೇ ಬೇರೆ. ಬುಕ್ಕಸಾಗರದ ಕಬಡ್ಡಿ ಹುಡುಗರ ಬೆನ್ನಿನ ಮೇಲೆ, ಕುರೆಕುಪ್ಪದ ಚಹಾದಂಗಡಿಯ ಬೋರ್ಡಿನ ಮೇಲೆ, ಕಂಪ್ಲಿಯ ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಅದು ಎದೆ ಸೆಟೆಸಿ ನಿಂತಿದೆ.

ಹೋದ ತಿಂಗಳು ಅವಳು ಹೊಸಪೇಟೆಯಲ್ಲಿ ಸ್ವಂತ ಸ್ಟಿಕ್ಕರ್ ಅಂಗಡಿ ತೆರೆಯುವಾಗ, ಬಾಗಿಲ ಬುಡದ ನೆಲದಲ್ಲಿ ಅವಳ ಹೆಸರನ್ನು ಸಣ್ಣ ಚೌಕ ಟೈಲ್ಸ್ ಬಿಲ್ಲೆಗಳಲ್ಲಿ ಕೂರಿಸುವ ಆಸೆ ನನಗೆ ಹತ್ತಿತು. ದುಂಡು ಅಕ್ಷರಕ್ಕೆ ಬಿಲ್ಲೆ ಒಡೆದೊಡೆದು ಸಾಯಬೇಕು. ಅವಳ ಈ ಚೌಕದ ಅಕ್ಷರಕ್ಕೆ ಒಂದನ್ನೂ ಒಡೆಯಬೇಕಿಲ್ಲ. ಉಮಾ ಚೌಕದ ಹಾಳೆಯಲ್ಲಿ ಕಪ್ಪು ತುಂಬಿ ಕೊಟ್ಟಳು. ಕಪ್ಪಿಗೆ ಕಪ್ಪು ಬಿಲ್ಲೆ, ಬಿಳಿಗೆ ಬಿಳಿ. ಓದುವ ಉಸಾಬರಿಯೇ ಇಲ್ಲ. ಹೊರಗೆ ಚರಂಡಿ ಇದ್ದುದರಿಂದ ಅಂಗಡಿಯೊಳಗೆ ಕೂತು, ರಸ್ತೆಗೆ ಮುಖ ಮಾಡಿ, ರಾಜಗಾಂಭೀರ್ಯದಿಂದ ಕೆಲಸ ಮುಗಿಸಿದೆ.

ಮರುದಿನ ಬೆಳಿಗ್ಗೆ, ಪೂಜೆಗೆ ಇನ್ನೊಂದು ತಾಸಿರುವಾಗ, ಹೊರಗಿನಿಂದ ನೋಡಿದರೆ ಮೊಮ್ಮಗಳ ಹೆಸರು ತಲೆಕೆಳಗಾಗಿ ಮಲಗಿತ್ತು. ಜೀವಮಾನವಿಡೀ ನಾನು ಹಾಕಿದ ಬಿಲ್ಲೆಗಳಿಗೆ ತಲೆ ಯಾವುದು, ಕಾಲು ಯಾವುದು ಎಂಬ ಪ್ರಶ್ನೆಯೇ ಇರಲಿಲ್ಲ ನೋಡಿ.

“ಬಂದೋರು ಶೀರ್ಷಾಸನ ಹಾಕಿ ಓದ್ಬೇಕೇನ್ರಿ?” ಎಂದಳು ನನ್ನ ಹೆಂಡತಿ ಶಾಂತಮ್ಮ. ಅವಳಿಗೆ ನನ್ನ ತಪ್ಪೆಂದರೆ ಹಬ್ಬದೂಟ.

ಉಮಾಳ ಮೊದಲ ಅಂಗಡಿ, ಅವಳದೇ ಅಕ್ಷರ. ಊರ ಜನರ ಮುಂದೆ ಅದನ್ನು ನಗೆಪಾಟಲು ಮಾಡಿದವನು ನಾನು. ಒಡೆದು ತೆಗೆಯಲು ಸುತ್ತಿಗೆ ಹಿಡಿದೆ. ಉಮಾ ಒಳಗೆ ಹೋಗಿ, ತನ್ನ ಕುರ್ಚಿಯಲ್ಲಿ ಕೂತು, ಬಾಗಿಲ ಕಡೆ ನೋಡಿದಳು.

“ಒಡೀಬ್ಯಾಡ ತಾತ. ಬರೋರಿಗೆ ಮ್ಯಾಲೆ ಬೋರ್ಡ್ ಐತಿ. ಇದು ನನಗ ಇರ್ಲಿ. ಇಲ್ಲಿ ಕುಂತ್ರ ಸೀದಾ ಕಾಣ್ತೈತಿ.”

“ಸುಳ್ಳು ಹೇಳ್ಬ್ಯಾಡ.”

“ನೀನಾ ಬಂದು ನೋಡು.”

ಹೋಗಿ ಅವಳ ಕುರ್ಚಿಯಲ್ಲಿ ಕೂತೆ. ‘ಉಮಾ’ ನೆಟ್ಟಗೆ ನಿಂತು ನನ್ನನ್ನೇ ನೋಡುತ್ತಿತ್ತು. ಬಿಲ್ಲೆ ಇದ್ದದ್ದು ನಾಲ್ಕೇ ಹೆಜ್ಜೆ ಆಚೆ. ಆದರೂ ಒಂದು ಮೂಲೆಯೂ ಕಾಣದೆ ಎರಡೂ ಅಕ್ಷರ ದುಂಡಗೆ ಹೊಳೆದವು. ಸುತ್ತಿಗೆ ಕೆಳಗಿಟ್ಟು ಕನ್ನಡಕ ಒರೆಸಿಕೊಂಡೆ.